ಹಿತ್ತಲ ಶೆಡ್ಡಿಗೆ ಲೇತ್ ಬಂದದ್ದು: ಒಂಬತ್ತು ತಿಂಗಳ ಅನುಭವ, ಒಂದು ಲಕ್ಷದ ಲೆಕ್ಕ

ಕಳೆದ ವರ್ಷ ಮೇ 31ರಂದು ಧಾರವಾಡದ ಪ್ರಾಥಮಿಕ ಶಾಲೆಯೊಂದರಿಂದ ನಿವೃತ್ತಳಾದ ನಾನು, ಜೂನ್ ಮೊದಲ ವಾರದಲ್ಲಿಯೇ ಮಾಳಮಡ್ಡಿಯ ನಮ್ಮ ಮನೆಯ ಹಿತ್ತಲಲ್ಲಿದ್ದ ತಗಡಿನ ಶೆಡ್ಡನ್ನು ಖಾಲಿ ಮಾಡಿಸಿ, ಕಟ್ಟಿಗೆಯನ್ನು ತಿರುಗಿಸುತ್ತ ಉಳಿಯಿಂದ ಕಡೆಯುವ ಯಂತ್ರವಾದ ಲೇತ್ ಒಂದನ್ನು ಅಲ್ಲಿ ಕೂಡಿಸಬೇಕೆಂದು ನಿಶ್ಚಯಿಸಿದೆ. ಈ ಆಸೆ ಹೊಸದಲ್ಲ. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಕರೆದುಕೊಂಡು ಚನ್ನಪಟ್ಟಣಕ್ಕೆ ಹೋದಾಗ, ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿದ ಕೂಡಲೇ ಬಣ್ಣ ಕರಗಿ ಹರಡಿಕೊಳ್ಳುವುದನ್ನು ಕಂಡಿದ್ದೆ. ನಮ್ಮ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನಂತೂ ಚಿಕ್ಕಂದಿನಿಂದ ನೋಡುತ್ತಲೇ ಬೆಳೆದವಳು. ಬುಗುರಿ, ಗಿಲಕಿ, ಎಣಿಕೆಯ ಮಣಿ, ಬಟ್ಟಲು ಇವನ್ನು ನನ್ನ ಕೈಯಿಂದಲೇ ಕಡೆಯಬೇಕೆಂಬುದು ನಿವೃತ್ತಿಯವರೆಗೆ ಮುಂದೂಡಿದ್ದ ಮಾತಾಗಿತ್ತು.

ಜುಲೈ ಮುಗಿಯುವುದರೊಳಗೆ ಕೆಲಸ ಆರಂಭಿಸಬಹುದೆಂದು ಭಾವಿಸಿದ್ದೆ. ಮೊದಲ ಬಟ್ಟಲು ಕೈಗೆ ಬಂದದ್ದು ಫೆಬ್ರುವರಿಯಲ್ಲಿ. ಐವತ್ತು ಸಾವಿರ ಎಂದು ಬರೆದಿಟ್ಟ ಅಂದಾಜು 1,03,700 ರೂಪಾಯಿಗೆ ಹೋಗಿ ನಿಂತಿತು. ಈ ಹೆಚ್ಚಿನ ಹಣದಲ್ಲಿಯೂ ಹೆಚ್ಚಿನ ದಿನಗಳಲ್ಲಿಯೂ ಬಹುಪಾಲು, ಮೊದಲೇ ಅಳೆದು ನೋಡಿದ್ದರೆ ಉಳಿಯುತ್ತಿತ್ತು. ಆ ಕಾರಣಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೊಸ ಲೇತ್ ತೆಗೆದುಕೊಳ್ಳಬೇಕೋ ಹಳೆಯದೋ ಎಂಬ ಪ್ರಶ್ನೆಯಲ್ಲಿಯೇ ಒಂದು ತಿಂಗಳು ಕಳೆಯಿತು. ಮೇಜಿನ ಮೇಲೆ ಇಡುವಂತಹ ಚಿಕ್ಕ ಹೊಸ ಲೇತ್‌ಗಳು ನೋಡಲು ಚೆಂದವಾಗಿದ್ದರೂ ಹಗುರ. ಸಮತೂಕವಿಲ್ಲದ ಕಟ್ಟಿಗೆ ತಿರುಗತೊಡಗಿದರೆ ಯಂತ್ರವೇ ಮೇಜಿನ ಮೇಲೆ ನಡೆಯತೊಡಗುತ್ತದೆ. ನಮ್ಮ ಓಣಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಜೀವಮಾನವೆಲ್ಲ ಟರ್ನರ್ ಆಗಿ ದುಡಿದವರು, ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಎರಕದ ಕಬ್ಬಿಣದ ಹಳೆಯ ಲೇತ್ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿರೆಂದು ಹೇಳಿದ ಅವರೇ, ಹಳೇ ಹುಬ್ಬಳ್ಳಿಯ ಕಡೆ ಬಾಗಿಲು ಮುಚ್ಚಿದ ಪೀಠೋಪಕರಣದ ಕಾರ್ಖಾನೆಯೊಂದರಲ್ಲಿ ಯಂತ್ರ ಮಾರಾಟಕ್ಕಿದೆ ಎಂಬ ಸುದ್ದಿ ಬಂದಾಗ ಕಣ್ಣುಬಿಟ್ಟು ನೋಡಲು ನನ್ನೊಡನೆ ಚಿಗರಿ ಬಸ್ಸು ಹತ್ತಿದರು.

ಹಳೆಯ ಲೇತ್ ಕೊಳ್ಳುವವರು ಕಾಕಾ ಅಂದು ಮಾಡಿದ್ದನ್ನು ಮಾಡಬೇಕು. ಮೊದಲು ಬೆಲ್ಟ್ ಕಳಚಿ, ಕಟ್ಟಿಗೆಯನ್ನು ತಿರುಗಿಸುವ ದಂಡವಾದ ಸ್ಪಿಂಡಲ್ಲನ್ನು ಕೈಯಿಂದ ತಿರುಗಿಸಿ ಬೇರಿಂಗಿನ ಸಪ್ಪಳ ಕೇಳಿದರು. ಆಮೇಲೆ ಎರಡೂ ಕೈಯಿಂದ ಅದನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ, ಆಟ ಇದೆಯೋ ಇಲ್ಲವೋ ನೋಡಿದರು. ಸ್ಪಿಂಡಲ್ ಇರುವ ತಲೆಭಾಗವಾದ ಹೆಡ್‌ಸ್ಟಾಕಿನ ಮೊನೆಯ ಹತ್ತಿರಕ್ಕೆ, ಎದುರಿನಿಂದ ಕಟ್ಟಿಗೆಗೆ ಆಸರೆ ಕೊಡುವ ಟೇಲ್‌ಸ್ಟಾಕಿನ ಮೊನೆಯನ್ನು ತಂದು, ಎರಡೂ ಸೂಜಿಯ ತುದಿಗಳಂತೆ ಒಂದಕ್ಕೊಂದು ನೇರ ಕೂಡುತ್ತವೆಯೇ ಎಂದು ಬಗ್ಗಿ ಪರೀಕ್ಷಿಸಿದರು. ಕೊನೆಗೆ ಸ್ಪಿಂಡಲ್ಲಿನ ಒಳಗಿನ ಇಳಿಜಾರು ರಂಧ್ರದಲ್ಲಿ ಕಿರುಬೆರಳು ಹಾಕಿ, ಗೀರುಗಳಿಲ್ಲವೆಂದು ಖಚಿತಪಡಿಸಿಕೊಂಡರು. ಅದು ಎರಡನೆಯ ನಂಬರಿನ ಮೋರ್ಸ್ ಟೇಪರ್ ಎಂಬ ನಿಗದಿತ ಅಳತೆಯ ಇಳಿಜಾರು, ಬಾಯಿಯ ಬಳಿ 17.78 ಮಿಲಿಮೀಟರ್ ಅಗಲ. ಈ ನಂಬರು ಇದ್ದರೆ ಕಟ್ಟಿಗೆಯನ್ನು ಹಿಡಿಯುವ ಮೊನೆಗಳಾದ ಸೆಂಟರುಗಳು, ಡ್ರಿಲ್ ಹಿಡಿಯುವ ಚಕ್ ಮುಂತಾದವು ಎಲ್ಲಿ ಬೇಕಾದರೂ ಸಿಗುತ್ತವೆ. ಇವೆಲ್ಲ ಕೂಡುವ ಉದ್ದನೆಯ ತಳಹದಿಯಾದ ಬೆಡ್ಡಿನ ಮೇಲೆ ತುಕ್ಕು ಇತ್ತು, ಆದರೆ ಅದು ಮೇಲ್ಮೈಯ ತುಕ್ಕು. ಮೋಟಾರು ಇರಲಿಲ್ಲ. 36,000 ರೂಪಾಯಿಗೆ ಮಾತು ಮುಗಿಯಿತು. ಮಾರಿದವರು ಬಿಳಿ ಹಾಳೆಯ ಮೇಲೆ ರಸೀದಿ ಬರೆದುಕೊಡುವವರಿದ್ದರು. ಯಂತ್ರದ ವಿವರ, ದಿನಾಂಕ, ಇಬ್ಬರ ಸಹಿ ಮತ್ತು ಅವರ ಗುರುತಿನ ಚೀಟಿಯ ಪ್ರತಿ ಇರಲೇಬೇಕೆಂದು ನಾನು ಪಟ್ಟು ಹಿಡಿದೆ. ನೋಂದಾಯಿತ ವ್ಯಾಪಾರಿಯಿಂದ 50,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ಯಂತ್ರ ಕೊಂಡು ಸಾಗಿಸುವವರಾದರೆ ಸರಕು ಸಾಗಣೆಯ ಸರಕಾರಿ ದಾಖಲೆಯಾದ ಇ-ವೇ ಬಿಲ್ ಕೇಳಿ ಪಡೆಯಬೇಕು.

ಅಂದೇ ಸ್ಪಿಂಡಲ್ಲಿನ ಹೊರಗಿನ ಥ್ರೆಡ್ಡನ್ನೂ (ತಿರುಪಿನ ಎಳೆಗಳನ್ನೂ) ಅಳೆದುಕೊಂಡು ಬರಬೇಕಾಗಿತ್ತು. ಅಳೆಯಲಿಲ್ಲ. ಇದರ ಫಲವನ್ನು ಮುಂದೆ ಹೇಳುತ್ತೇನೆ.

ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ತಾಡಪತ್ರಿ ಹೊದಿಸಿದ ಸಣ್ಣ ಗೂಡ್ಸ್ ಗಾಡಿಯಲ್ಲಿ ಯಂತ್ರ ಬಂತು. ಗಾಡಿ ಓಣಿಯೊಳಗೆ ಬಾರದೆ, ಐದು ಜನ ಹಮಾಲರು ಹಾಸುಗಂಬಿಗಳ ಮೇಲೆ ಉರುಳಿಸುತ್ತ ಹಿತ್ತಲಿಗೆ ತಂದರು. ಬಾಡಿಗೆ, ಹಮಾಲಿ ಸೇರಿ 3,500 ರೂಪಾಯಿ. ಮಳೆಗಾಲದಲ್ಲಿ ತರಬಾರದಿತ್ತು, ಒರೆಸಿ ಎಣ್ಣೆ ಸವರಿ ಇಟ್ಟರೂ ನಾಲ್ಕನೆಯ ದಿನಕ್ಕೆ ಬೆಡ್ಡಿನ ಮೇಲೆ ಕೆಂಪು ಪುಡಿ ಎದ್ದಿತ್ತು. ಮುಂದೆ ಪ್ರತಿ ಸಂಜೆ ಒಣ ಬಟ್ಟೆಯಿಂದ ಒರೆಸಿ ಮೇಣ ತಿಕ್ಕುವ ರೂಢಿ ಹಾಕಿಕೊಂಡೆ.

ಮೋಟಾರಿನ ವಿಷಯದಲ್ಲಿ ಎರಡು ದಾರಿಗಳಿವೆ. ಸಾದಾ ಸಿಂಗಲ್ ಫೇಸ್ ಮೋಟಾರು ಹಾಕಿ, ಮೆಟ್ಟಿಲು ಪುಲ್ಲಿಯ ಮೇಲೆ ಬೆಲ್ಟ್ ಸರಿಸುತ್ತ ವೇಗ ಬದಲಿಸುವುದು ಒಂದು. ತ್ರೀ ಫೇಸ್ ಮೋಟಾರು ಹಾಕಿ, ಮನೆಯ ಸಿಂಗಲ್ ಫೇಸ್ ಕರೆಂಟನ್ನೇ ಅದಕ್ಕೆ ಒಗ್ಗುವಂತೆ ಬದಲಿಸಿಕೊಡುವ ವಿಎಫ್‌ಡಿ ಡ್ರೈವ್ ಜೋಡಿಸುವುದು ಇನ್ನೊಂದು. ಇದರಲ್ಲಿ ಗುಂಡಿ ತಿರುಗಿಸಿದಂತೆ ವೇಗ ಏರಿಳಿಯುತ್ತದೆ. ಬಟ್ಟಲು ಕಡೆಯುವವರಿಗೆ ಎರಡನೆಯದು ದೊಡ್ಡ ಅನುಕೂಲ. ಕಟ್ಟಿಗೆಯ ಅಡ್ಡಳತೆಯನ್ನು ಇಂಚಿನಲ್ಲಿ ಹಿಡಿದು, ಅದನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ ಬರುವ ಲೆಕ್ಕ 6,000 ಮತ್ತು 9,000ದ ನಡುವೆ ಇರಬೇಕೆಂಬುದು ಕಡೆಯುವವರ ವಾಡಿಕೆಯ ಸೂತ್ರ. ಎಂದರೆ ಹತ್ತು ಇಂಚಿನ ಬಟ್ಟಲಿಗೆ 600ರಿಂದ 900 ಸುತ್ತು, ಎರಡು ಇಂಚಿನ ಬುಗುರಿಗೆ 3,000ಕ್ಕೂ ಮೇಲೆ. ಇಷ್ಟು ಅಂತರವನ್ನು ಬೆಲ್ಟ್ ಸರಿಸುತ್ತಲೇ ನಿಭಾಯಿಸುವುದು ನನ್ನ ಬೆನ್ನಿಗೆ ಕಷ್ಟವೆಂದು, ಒಂದು ಎಚ್‌ಪಿ ಮೋಟಾರು ಮತ್ತು ಡ್ರೈವ್ ಸೇರಿ 14,000 ರೂಪಾಯಿ ಕೊಟ್ಟೆ. ಒರಟು ಕಟ್ಟಿಗೆಯನ್ನು ಮೊದಲು ಹಚ್ಚಿದಾಗ ಮಾತ್ರ ಈ ಸೂತ್ರದ ಕೆಳಗಿನ ಅಂಚಿಗಿಂತಲೂ ನಿಧಾನವಾಗಿ ಆರಂಭಿಸಬೇಕು.

ಶೆಡ್ಡಿಗೆ ಬೇರೆ ತಂತಿ ಎಳೆಯಿಸಿ, 16 ಆಂಪಿಯರಿನ ಸಾಕೆಟ್, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಮಾಡಿಸಲು 6,500 ರೂಪಾಯಿ ಆಯಿತು. ಮಿಕ್ಸರ್ ಹಚ್ಚುವ ಸಾಕೆಟ್ಟಿಗೆ ಉದ್ದನೆಯ ಎಕ್ಸ್‌ಟೆನ್ಶನ್ ಎಳೆದು ಲೇತ್ ನಡೆಸುವ ವಿಚಾರವನ್ನು ದಯವಿಟ್ಟು ಯಾರೂ ಮಾಡಬೇಡಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆಯೆಂಬುದನ್ನೂ ಮೊದಲೇ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ನಮ್ಮ ಮನೆಗೆ ಇದ್ದದ್ದೇ ಸಾಕಾಯಿತು.

ಅಕ್ಟೋಬರಿನಲ್ಲಿ ಎಲ್ಲವನ್ನೂ ಜೋಡಿಸಿ ಗುಂಡಿ ತಿರುಗಿಸಿದರೆ ಮೋಟಾರು ತಿರುಗಿತೇನೋ ಸರಿ, ಆದರೆ ಕಟ್ಟಿಗೆಗೆ ಉಳಿ ತಾಗಿದ ಕೂಡಲೇ ನಿಂತುಬಿಡುತ್ತಿತ್ತು. ಡ್ರೈವ್ ಕೆಟ್ಟಿದೆಯೆಂದು ಒಬ್ಬರು, ಮೋಟಾರು ಸುಟ್ಟಿದೆಯೆಂದು ಇನ್ನೊಬ್ಬರು ಹೇಳಿದರು. ಹದಿನೈದು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ನಿವೃತ್ತಿಯ ಹಣವನ್ನು ಹೀಗೆ ನೀರಿಗೆ ಹಾಕಿದೆನಲ್ಲ ಎಂಬ ಸಂಕಟ. ಕೊನೆಗೆ ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು ಟೋಲ್ ನಾಕಾ ಕಡೆಯ ರಿವೈಂಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯ ತರುಣ ಟರ್ಮಿನಲ್ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ನೋಡಿದವನೇ ನಕ್ಕ.

“ಅಕ್ಕೋರ, ಮೋಟಾರ್ ಏನೂ ಆಗಿಲ್ರಿ. ಇದು ಸ್ಟಾರ್‌ನಾಗ ಐತಿ. ನಿಮ್ಮ ಡ್ರೈವ್‌ಗೆ ಡೆಲ್ಟಾ ಬೇಕ್ರಿ.”

ಒಳಗೆ ಮೂರು ಮೂರರ ಎರಡು ಸಾಲಿನಲ್ಲಿ ಆರು ಬೋಲ್ಟುಗಳಿದ್ದವು. ಒಂದು ಸಾಲಿನ ಮೂರನ್ನೂ ಹಿತ್ತಾಳೆಯ ಪಟ್ಟಿಗಳು ಅಡ್ಡಲಾಗಿ ಕೂಡಿಸಿದ್ದವು, ಇದು ಸ್ಟಾರ್ ಜೋಡಣೆ. ಅವನು ಆ ಪಟ್ಟಿಗಳನ್ನು ಬಿಚ್ಚಿ, ಮೇಲಿನ ಒಂದೊಂದು ಬೋಲ್ಟಿಗೆ ಕೆಳಗಿನ ಒಂದೊಂದನ್ನು ಲಂಬವಾಗಿ ಕೂಡಿಸಿದ, ಅದು ಡೆಲ್ಟಾ. ಹತ್ತು ನಿಮಿಷದ ಕೆಲಸ. ಇಂತಹ ಮೋಟಾರನ್ನು ಕಾರ್ಖಾನೆಯಲ್ಲಿ 415 ವೋಲ್ಟಿನ ಲೈನಿಗೆಂದು ಸ್ಟಾರ್‌ನಲ್ಲಿ ಜೋಡಿಸಿರುತ್ತಾರೆ. ಮನೆಯ ಕರೆಂಟಿನ ಡ್ರೈವ್ ಕೊಡುವುದು 230 ವೋಲ್ಟ್ ಮಾತ್ರ. ಸ್ಟಾರ್‌ನಲ್ಲಿಯೇ ಬಿಟ್ಟರೆ ಒಳಗಿನ ಒಂದೊಂದು ತಂತಿಸುರುಳಿಗೆ ಸುಮಾರು 133 ವೋಲ್ಟ್ ಸಿಕ್ಕು, ಬಲ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಮೋಟಾರು ಕೊಳ್ಳುವಾಗಲೇ ಡಬ್ಬಿ ಬಿಚ್ಚಿಸಿ ಆರು ತುದಿಗಳು ಹೊರಗೆ ಬಂದಿವೆಯೇ ನೋಡಿ, ಹೆಸರುಪಟ್ಟಿಯ ಮೇಲೆ ಡೆಲ್ಟಾ 230 ಎಂದು ಬರೆದಿದೆಯೇ ಓದಿ. ಮೂರೇ ತುದಿಗಳಿದ್ದರೆ ಬೇರೆ ಮೋಟಾರು ಕೇಳಿ. ಇನ್ನೊಂದು ಮಾತನ್ನೂ ಆ ತರುಣನೇ ತಿಳಿಸಿದ: ತೀರ ಕಡಿಮೆ ವೇಗದಲ್ಲಿ ಬಹಳ ಹೊತ್ತು ನಡೆಸಿದರೆ ಮೋಟಾರಿನ ಹಿಂದಿನ ಫ್ಯಾನೂ ಅಷ್ಟೇ ನಿಧಾನವಾಗಿ ತಿರುಗುವುದರಿಂದ ಮೋಟಾರು ಬಿಸಿಯಾಗುತ್ತದೆ. ಅವನು ದುಡ್ಡು ತೆಗೆದುಕೊಳ್ಳಲಿಲ್ಲ.

ಯಂತ್ರಕ್ಕೆ ಬಲ ಬಂದ ದಿನ ಕಾಕಾ ಮತ್ತೆ ಬಂದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದೆ. ಅವರು ಸ್ವಿಚ್ಚಿನ ಮೇಲೆ ಅಂಗೈ ಇಟ್ಟು, “ಅಕ್ಕೋರ, ಮೊದಲ ಬಳಿ ತಗೀರಿ. ಸೀರಿ ಬ್ಯಾಡ. ಆಮ್ಯಾಲ ಸ್ವಿಚ್ಚು” ಎಂದರು. ತಿರುಗುವ ಸ್ಪಿಂಡಲ್ಲಿನ ಹತ್ತಿರ ಸೆರಗು, ಬಿಚ್ಚಿದ ಕೂದಲು, ಸಡಿಲ ತೋಳು, ಬಳೆ, ಸರ, ಕೈಗವಸು ಯಾವುದೂ ಇರಬಾರದು; ಸಿಕ್ಕ ಬಟ್ಟೆಯನ್ನು ಬಿಡಿಸಿಕೊಳ್ಳುವಷ್ಟು ಸಮಯವನ್ನು ಯಂತ್ರ ಕೊಡುವುದಿಲ್ಲ. ಇದು ಬುದ್ಧಿಗೆ ಗೊತ್ತಿತ್ತು. ಆದರೂ ಮದುವೆಯಾದಾಗಿನಿಂದ ಕೈ ಬರಿದು ಮಾಡಿ ಗೊತ್ತಿಲ್ಲದ ನನಗೆ, ಬಚ್ಚಲಿನಲ್ಲಿ ಸಾಬೂನು ಹಚ್ಚಿ ಒಂದೊಂದೇ ಹಸಿರು ಬಳೆಯನ್ನು ಸರಿಸುವಾಗ ಗಂಟಲು ಕಟ್ಟಿ ಬಂತು. ಮನೆಯಲ್ಲಿ ಎಂಬತ್ತೈದರ ಅತ್ತೆಯವರಿದ್ದಾರೆ, ಅವರಿಗೆ ಏನು ಹೇಳುವುದೆಂಬ ಅಂಜಿಕೆಯೂ ಇತ್ತು. ಬರಿಗೈ ನೋಡಿದ ಅವರು ಕಾರಣ ಕೇಳಿಕೊಂಡು, “ಹಿಟ್ಟು ನಾದೂವಾಗ ಉಂಗುರ ತಗೀತೀಯಲ್ಲ, ಹಂಗ ತಿಳಿ. ಕೆಲಸ ಮುಗಿದ ಮ್ಯಾಲ ಹಾಕ್ಕೋ” ಎಂದು ಜಪಮಣಿಗೆ ತಿರುಗಿದರು. ಈಗ ಬಳೆಗಳು ಶೆಡ್ಡಿನ ಬಾಗಿಲ ಗೂಡಿನಲ್ಲಿ ಇರುತ್ತವೆ. ತೋಳು ಬಿಗಿಯಾದ ಚೂಡಿದಾರ, ಕಟ್ಟಿದ ತುರುಬು, ಮಂಗಳಸೂತ್ರದ ಮೇಲೆ ಕುತ್ತಿಗೆಯವರೆಗೆ ಗುಂಡಿ ಹಾಕಿದ ಏಪ್ರನ್. ಏಪ್ರನ್, ಇಡೀ ಮುಖ ಮುಚ್ಚುವ ಶೀಲ್ಡ್, ಎನ್95 ಮಾಸ್ಕುಗಳಿಗೆ 1,900 ರೂಪಾಯಿ. ಈ ಕೆಲಸಕ್ಕೆ ಇಳಿಯಬೇಕೆಂದಿರುವ ಹೆಣ್ಣುಮಕ್ಕಳು ಉಡುಪಿನ ಮಾತನ್ನು ಮನೆಯಲ್ಲಿ ಮೊದಲೇ ಆಡಿ ಮುಗಿಸುವುದು ಒಳ್ಳೆಯದು.

ನವೆಂಬರಿನಲ್ಲಿ ನಾಲ್ಕು ದವಡೆಯ ಚಕ್ ತರಿಸಿದೆ. ಬಟ್ಟಲಿನ ತಳವನ್ನು ಹಿಡಿದು ಒಳಭಾಗ ಕಡೆಯಲು ಇದು ಬೇಕೇ ಬೇಕು. ಸ್ಪಿಂಡಲ್ಲಿನ ಹೊರಸುತ್ತಿಗೆ ಸ್ಕೇಲ್ ಹಿಡಿದು ಮೂವತ್ತೆರಡು ಮೂವತ್ತಮೂರು ಮಿಲಿಮೀಟರ್ ಎಂದುಕೊಂಡು, ಎಂ33, ಎಂದರೆ 33 ಮಿಲಿಮೀಟರಿನ ಥ್ರೆಡ್ಡಿನ ಚಕ್‌ಗೆ 11,500 ರೂಪಾಯಿ ಕಟ್ಟಿಬಿಟ್ಟೆ. ಬಂದ ಚಕ್ ಸಡಿಲವಾಗಿ ಒಂದು ಸುತ್ತು ಹೋಗಿ ಗಕ್ಕನೆ ಸಿಕ್ಕಿಕೊಂಡಿತು. ಕಾಕಾ ತಮ್ಮ ಥ್ರೆಡ್ ಗೇಜಿನ ಹಲ್ಲುಗಳನ್ನು ಒಂದೊಂದಾಗಿ ಸ್ಪಿಂಡಲ್ಲಿನ ಮೇಲೆ ಇಟ್ಟು, ಬೆಳಕಿಗೆ ಹಿಡಿದು ನೋಡಿದರು. ನಮ್ಮದು ಒಂದೂಕಾಲು ಇಂಚು, ಎಂದರೆ 31.75 ಮಿಲಿಮೀಟರ್, ಇಂಚಿಗೆ ಎಂಟು ಎಳೆ. ಎರಡು ಎಳೆಗಳ ನಡುವೆ 3.175 ಮಿಲಿಮೀಟರ್. ಎಂ33 ಚಕ್ಕಿನಲ್ಲಿ ಆ ಅಂತರ 3.5. ಕಣ್ಣಿಗೆ ಎರಡೂ ಒಂದೇ ಎನಿಸುತ್ತವೆ. ಮಾರಿದ ಅಂಗಡಿಯವರು, ಪೆಟ್ಟಿಗೆ ಒಡೆದ ಮೇಲೆ ಮರಳಿ ಪಡೆಯುವುದಿಲ್ಲವೆಂದರು. ಮೂರು ವಾರ ಪತ್ರ ಬರೆದರೂ ಫಲವಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಒಂದು ಮಷಿನ್ ಶಾಪಿನಲ್ಲಿ 1,400 ರೂಪಾಯಿಗೆ ಅಡಾಪ್ಟರ್ ಕಡೆಸಿದೆ. ಅದರಿಂದ ಕೆಲಸ ಸಾಗುತ್ತದೆ, ಆದರೆ ಕಟ್ಟಿಗೆ ಬೇರಿಂಗಿನಿಂದ ಅಷ್ಟು ದೂರ ಹೋದಂತಾಗಿ ದೊಡ್ಡ ಬಟ್ಟಲಿನಲ್ಲಿ ಸಣ್ಣ ನಡುಕ ಉಳಿದಿದೆ. ವರ್ನಿಯರ್‌ನಿಂದ ಅಡ್ಡಳತೆ, ಗೇಜಿನಿಂದ ಎಳೆ, ಈ ಎರಡು ಅಂಕೆಗಳನ್ನು ಬರೆದುಕೊಳ್ಳದೆ ಚಕ್ ಆಗಲಿ, ಕಟ್ಟಿಗೆಯನ್ನು ಸ್ಕ್ರೂ ಹಾಕಿ ಕೂಡಿಸುವ ಫೇಸ್‌ಪ್ಲೇಟ್ ಆಗಲಿ ಕೊಳ್ಳಬಾರದು.

ಉಳಿಗಳದು ಬೇರೆ ಕಥೆ. ಎಚ್‌ಎಸ್‌ಎಸ್ (ಕಾವು ತಡೆಯುವ ಹೈಸ್ಪೀಡ್ ಸ್ಟೀಲ್) ಎಂದು ಬರೆದ ಆರು ಉಳಿಗಳ ಪೆಟ್ಟಿಗೆ 5,800 ರೂಪಾಯಿಗೆ ಸಿಕ್ಕಿತು: ಒರಟು ಕಡೆಯುವ ಅಗಲ ಗೌಜ್ (ತೋಡು ಬಾಯಿಯ ಉಳಿ), ಸಣ್ಣ ಗೌಜ್, ಓರೆ ಬಾಯಿಯ ಸ್ಕ್ಯೂ, ಕತ್ತರಿಸಿ ಬೇರ್ಪಡಿಸುವ ಪಾರ್ಟಿಂಗ್ ಉಳಿ, ಕೆರೆದು ನಯ ಮಾಡುವ ಎರಡು ಸ್ಕ್ರೇಪರ್. ಸಾಣೆ ಚಕ್ರಕ್ಕೆ ಹಿಡಿದಾಗ ನಾಲ್ಕು ಉಳಿಗಳಿಂದ ಮಂಕಾದ ಕೆಂಪು ಕಿಡಿಗಳು ಅಲ್ಲೊಂದು ಇಲ್ಲೊಂದು ಬಿದ್ದವು. ಎರಡರಿಂದ ಮಾತ್ರ ದೀಪಾವಳಿಯ ಸುರುಸುರುಬತ್ತಿಯಂತೆ ಬೆಳ್ಳಗೆ ಕವಲೊಡೆಯುವ ಕಿಡಿ. ಹಾಗೆ ಕವಲೊಡೆಯುವುದು ಸಾದಾ ಕಾರ್ಬನ್ ಉಕ್ಕು. ಅದು ಸಾಣೆಯ ಕಾವಿಗೆ ನೀಲಿಯಾಯಿತೆಂದರೆ ಗಡಸುತನ ಹೋಯಿತು. ಆ ಎರಡನ್ನು ನೀರಿನಲ್ಲಿ ಅದ್ದುತ್ತ ಅದ್ದುತ್ತ ಸಾಣೆ ಹಿಡಿಯುತ್ತೇನೆ. ಬಟ್ಟಲಿನ ಗೌಜ್ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಅಗಲವಾದ ಒರಟು ಗೌಜಿನಿಂದ ಬಟ್ಟಲು ಕಡೆಯಲು ಯಾರೂ ಹೋಗಬಾರದು. ಅದರ ಹಿಡಿಯೊಳಗಿನ ಬಾಲ ತೆಳ್ಳಗಿದ್ದು, ಅಡ್ಡ ಎಳೆಯ ಕಟ್ಟಿಗೆ ಹಿಡಿದು ಜಗ್ಗಿದರೆ ಮುರಿದು ಹಾರುತ್ತದೆ.

ಬಟ್ಟಲಿನ ಗೌಜನ್ನು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಾಡಿದ್ದನ್ನೇ ತರಿಸಿದೆ. 8,000 ರೂಪಾಯಿಯ ಉಳಿ, ಸಾಗಣೆ, ಸುಂಕ, ಕೊರಿಯರಿನವರ ಶುಲ್ಕ ಸೇರಿ 14,600 ಆಯಿತು. ಹೊರದೇಶದ ಪಾರ್ಸೆಲ್ ಬಿಡಿಸಿಕೊಳ್ಳಲು ಕೆವೈಸಿ ದಾಖಲೆ ಕೊಡಬೇಕಾಗುತ್ತದೆ. ಆರ್ಡರಿನಲ್ಲಿ ನಾನು ಹಾಕಿದ್ದು ಕರೆಯುವ ಹೆಸರು, ಆಧಾರಿನಲ್ಲಿ ಇರುವುದು ಪತಿಯ ಹೆಸರೂ ಅಡ್ಡಹೆಸರೂ ಸೇರಿದ ಉದ್ದ ಹೆಸರು. ಎರಡೂ ತಾಳೆಯಾಗದೆ ಪಾರ್ಸೆಲ್ ಹನ್ನೆರಡು ದಿನ ಕಸ್ಟಮ್ಸ್‌ನಲ್ಲಿಯೇ ಉಳಿಯಿತು. ಆರ್ಡರಿನ ಹೆಸರು, ವಿಳಾಸ ಆಧಾರಿನಲ್ಲಿ ಇದ್ದಂತೆಯೇ ಅಕ್ಷರಶಃ ಇರಲಿ.

ಇಷ್ಟೆಲ್ಲ ಕೊಂಡ ಮೇಲೂ ಡಿಸೆಂಬರಿನ ಕೊನೆಯವರೆಗೆ ನನ್ನ ಉಳಿ ಕಟ್ಟಿಗೆಯನ್ನು ಕೊಯ್ಯಲಿಲ್ಲ, ಕೆರೆಯಿತು. ಮೊಂಡು ಉಳಿಯನ್ನು ಬಲವಾಗಿ ಒತ್ತಿದ ಒಂದು ಮಧ್ಯಾಹ್ನ ಅದು ಗಕ್ಕನೆ ಒಳಗೆ ಸಿಕ್ಕು, ಮಾವಿನ ತುಂಡು ಚಕ್ಕಿನಿಂದ ಕಿತ್ತು ಬಂದು ನನ್ನ ಶೀಲ್ಡಿಗೆ ಬಡಿಯಿತು. ಶೀಲ್ಡಿನ ಮೇಲೆ ಎಡಗಣ್ಣಿನ ನೇರಕ್ಕೆ ಅಡ್ಡ ಗೀರು ಈಗಲೂ ಇದೆ. ಎರಡು ದಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ.

ಸಾಣೆಯ ಸಾಮಾನನ್ನು ನಾನು ಪಟ್ಟಿಯ ಕೊನೆಯಲ್ಲಿ ಇಟ್ಟದ್ದೇ ದೊಡ್ಡ ತಪ್ಪು. ಗ್ರೈಂಡರ್ 4,600, ಬಿಳಿ ಅಲ್ಯೂಮಿನಿಯಂ ಆಕ್ಸೈಡಿನ 80 ಗ್ರಿಟ್ ಚಕ್ರ 1,100, ಉಳಿಯನ್ನು ಒಂದೇ ಕೋನದಲ್ಲಿ ಹಿಡಿದುಕೊಡುವ ಜಿಗ್ 2,800. ಗ್ರೈಂಡರಿನೊಡನೆ ಬರುವ ಬೂದು ಚಕ್ರ ಸಾದಾ ಕಬ್ಬಿಣಕ್ಕೆ ಸರಿ, ಈ ಉಳಿಗಳನ್ನು ಬೇಗ ಕಾಯಿಸುತ್ತದೆ. ಬಿಳಿ ಚಕ್ರದ ನಡುವಿನ ತೂತು ನಮ್ಮ ಗ್ರೈಂಡರಿನ ಶಾಫ್ಟಿಗಿಂತ ದೊಡ್ಡದಿತ್ತು, ಬುಷ್ ಹಾಕಿಸಬೇಕಾಯಿತು. ಹಾಕುವ ಮೊದಲು ಚಕ್ರವನ್ನು ಬೆರಳಿಗೆ ತೂಗುಹಾಕಿಕೊಂಡು ಕಟ್ಟಿಗೆಯ ಹಿಡಿಯಿಂದ ಮೆಲ್ಲಗೆ ಬಾರಿಸಿ ನೋಡಬೇಕು, ಸಂತೆಯಲ್ಲಿ ಗಡಿಗೆ ಬಾರಿಸಿ ಕೊಳ್ಳುವಂತೆ. ಒಡಕು ಸಪ್ಪಳ ಬಂದರೆ ಆ ಚಕ್ರವನ್ನು ನಿಮಿಷಕ್ಕೆ 2,800 ಸುತ್ತಿನ ಮೇಲೆ ತಿರುಗಿಸುವ ಮಾತೇ ಇಲ್ಲ. ಉಳಿಯ ಇಳಿಜಾರಿಗೆ ಕಪ್ಪು ಮಾರ್ಕರ್ ಬಳಿದು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ, ಕಪ್ಪು ಎಲ್ಲಿ ಅಳಿಯಿತೋ ಅಲ್ಲಿ ಮಾತ್ರ ಚಕ್ರ ತಾಗುತ್ತಿದೆ ಎಂದು ತಿಳಿಯುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಅಳಿಯುವಂತೆ ಜಿಗ್ಗನ್ನು ಹೊಂದಿಸಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಆ ವಾರದ ಕೊನೆಗೆ ಗೌಜ್ ಹಿಡಿದಾಗ, ಕಟ್ಟಿಗೆಯಿಂದ ಪುಡಿ ಉದುರದೆ, ಸೌತೆಕಾಯಿಯ ಸಿಪ್ಪೆಯಂತೆ ಉದ್ದನೆಯ ಹಸಿ ಸುರುಳಿ ಭುಜದ ಮೇಲಿಂದ ಹಾರಿ ಹಿಂದಿನ ಗೋಡೆಗೆ ಬಿತ್ತು. ಸಪ್ಪಳವೂ ಬದಲಾಗಿತ್ತು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಯಂತ್ರ ನಿಲ್ಲಿಸಿ ಸಾಣೆಗೆ ಹೋಗುತ್ತೇನೆ, ಬೇಸರವಾಗುವುದಿಲ್ಲ. ಹಣ ಕಡಿಮೆಯಿದ್ದವರು ಮೂರೇ ಉಳಿ ಕೊಳ್ಳಲಿ, ಸಾಣೆಯ ಸಾಮಾನನ್ನು ಮಾತ್ರ ಮೊದಲ ತಿಂಗಳೇ ತರಲಿ.

ಕಟ್ಟಿಗೆಗೆ ನಾನು ಖರ್ಚು ಮಾಡಲಿಲ್ಲ. ಮೇ ತಿಂಗಳ ಅಡ್ಡಮಳೆಯ ಗಾಳಿಗೆ ನಮ್ಮ ಹಿತ್ತಲಿನ ಆಪೂಸ್ ಮಾವಿನ ದೊಡ್ಡ ಟೊಂಗೆ ಮುರಿದುಬಿದ್ದಿತ್ತು. ಅದರ ಐದು ತುಂಡುಗಳಲ್ಲಿ ಎರಡು, ತುದಿಗಳಿಗೆ ಏನನ್ನೂ ಬಳಿಯದೆ ಬಿಟ್ಟದ್ದಕ್ಕೆ ಜುಲೈ ಹೊತ್ತಿಗೆ ನಡುವಿನಿಂದ ಸೀಳಿದವು. ಉಳಿದ ಮೂರಕ್ಕೆ ಬಾಗಿಲಿಗೆ ಹಚ್ಚಿ ಉಳಿದ ಆಯಿಲ್ ಪೇಂಟ್ ದಪ್ಪಗೆ ಬಳಿದೆ. ಗದಗಿನ ತಂಗಿಯ ಹೊಲದ ಬದುವಿನಿಂದ ಬಳ್ಳಾರಿ ಜಾಲಿಯ ದಿಮ್ಮಿಗಳು ಬಂದಿವೆ. ಒಲೆಗೆ ಹಾಕುವ ಆ ಕಟ್ಟಿಗೆ ಒಣಗುವಾಗ ಅಷ್ಟಾಗಿ ಸೊಟ್ಟಾಗುವುದಿಲ್ಲ, ಮೆರುಗು ಕೊಟ್ಟರೆ ಕಂದು ಬಣ್ಣ ತುಂಬ ಚೆಂದ. ಬೀಟೆಯ ಚೂರುಗಳನ್ನು ಕಡೆಯುವವರು ಮಾಸ್ಕ್ ಮರೆಯಬಾರದು, ಅದರ ಧೂಳು ಕೆಲವರ ಚರ್ಮಕ್ಕೂ ಉಸಿರಿಗೂ ಆಗದು. ಸಾಗವಾನಿ, ಬೀಟೆ ಕೊಂಡರೆ ಅಂಗಡಿಯ ಬಿಲ್ಲನ್ನು ಜೋಪಾನವಾಗಿ ಇಡಿ. ನಿಂತ ಮರ ಕಡಿಸುವ ಮೊದಲು, ಅದು ನಿಮ್ಮದೇ ಹಿತ್ತಲಿನದಾದರೂ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಜನವರಿಯ ಕೊನೆಯಿಂದ ಮಾವಿನ ಹಸಿ ತುಂಡುಗಳಿಂದ ನಾಲ್ಕು ಬಟ್ಟಲುಗಳನ್ನು ಕಡೆದಿದ್ದೇನೆ. ಚಿಕ್ಕದನ್ನು ತೆಳ್ಳಗೆ ಕಡೆದು ಫೆಬ್ರುವರಿಯಲ್ಲಿ ಮುಗಿಸಿದೆ, ಒಣಗಿ ತುಸು ಮೊಟ್ಟೆಯಾಕಾರಕ್ಕೆ ತಿರುಗಿದ ಅದರಲ್ಲಿ ಅತ್ತೆಯವರು ಅಡಿಕೆ ಇಟ್ಟುಕೊಂಡಿದ್ದಾರೆ. ಉಳಿದ ಮೂರನ್ನು ಒರಟಾಗಿ, ಹತ್ತು ಇಂಚಿನದಕ್ಕೆ ಒಂದು ಇಂಚು ದಪ್ಪದ ಗೋಡೆ ಬಿಟ್ಟು ನಿಲ್ಲಿಸಿದ್ದೇನೆ. ಸೊಟ್ಟಾಗುವಷ್ಟು ಸೊಟ್ಟಾದ ಮೇಲೆ ಮತ್ತೆ ಕಡೆದು ಗುಂಡಗೆ ಮಾಡಲು ಅಷ್ಟು ದಪ್ಪ ಬೇಕು. ಅವು ಈಗ ಕಾಗದದ ಚೀಲದಲ್ಲಿ, ತಮ್ಮದೇ ಸುರುಳಿಗಳ ನಡುವೆ, ಗಾಳಿಯಿಲ್ಲದ ಮೂಲೆಯಲ್ಲಿವೆ. ಪ್ರತಿ ಸೋಮವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತಳದ ಮೇಲೆ ಪೆನ್ಸಿಲ್‌ನಿಂದ ದಿನಾಂಕ, ತೂಕ ಬರೆಯುತ್ತೇನೆ. ಮೊದಲನೆಯದು 1,640 ಗ್ರಾಂ ಇದ್ದದ್ದು 1,115ಕ್ಕೆ ಇಳಿದು, ಎರಡು ಸೋಮವಾರ ಅಲ್ಲಿಯೇ ನಿಂತಿದೆ. ಬರುವ ಸೋಮವಾರವೂ ಇಳಿಯದಿದ್ದರೆ ಅಂದೇ ಚಕ್ಕಿಗೆ ಹಚ್ಚುವೆ.